ಶಾಂತಾ ಅತ್ಯಾನ ಅಂಗೈ

ಹಸಿ ಸುಣ್ಣದ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ಸಿಗುವುದೆಲ್ಲ ಪ್ಲಾಸ್ಟಿಕ್ ಬಣ್ಣದ ವಾಸನೆ. ಬೀದರಿನಲ್ಲಿ ನಾನಿರುವ ಓಣಿಯಲ್ಲಿ ಯಾರಾದರೂ ಮನೆಗೆ ಬಣ್ಣ ಹೊಡೆಸಲು ಶುರು ಮಾಡಿದರೆ ಸಾಕು, ನಾನು ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತೇನೆ. ತಲೆನೋವು ಅಂತ ಮನೆಯವರಿಗೆ ಹೇಳುತ್ತೇನೆ. ತಲೆನೋವಲ್ಲ, ಸಿಟ್ಟು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಭಾಲ್ಕಿಯ ನಮ್ಮ ಮನೆಯ ಬೀದಿಗೋಡೆ ಕಣ್ಣ ಮುಂದೆ ಬರುತ್ತದೆ, ಅದರ ಹಿಂದೆಯೇ ನಮ್ಮ ಆಯಿ ಬರುತ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಬೆಳ್ಳಗಾಗಿ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಮುದ್ದು ಮಾಡುತ್ತಿದ್ದ ಹೆಂಗಸು.

ದಸರೆ ಹತ್ತಿರ ಬಂತೆಂದರೆ ಹಿತ್ತಲಿನಲ್ಲಿ ಒಂದು ಹಳೆಯ ಮಡಕೆ ಹೊರಬೀಳುತ್ತಿತ್ತು. ಅದರೊಳಗೆ ಸುಣ್ಣದ ಕಲ್ಲು ಹಾಕಿ ಆಯಿ ನೀರು ಸುರಿಯುತ್ತಿದ್ದಳು. ಕಲ್ಲು ಸುಂಯ್ ಎಂದು ಬೇಯಲು ಹತ್ತುತ್ತಿತ್ತು, ಒಲೆಯಿಲ್ಲದೆ ನೀರು ಕುದಿಯುವುದನ್ನು ನೋಡಲು ನಾವು ಮಕ್ಕಳು ಕೊರಳು ಚಾಚಿದರೆ "ದೂರ ಸರೀರಿ, ಕಣ್ಣಾಗ ಸಿಡೀತದ" ಎಂದು ಗದರುತ್ತಿದ್ದಳು. ಆಗ ಏಳುತ್ತಿದ್ದ ವಾಸನೆಯನ್ನು ಹೇಗೆ ಹೇಳಲಿ? ಮೊದಲ ಮಳೆಯ ಮಣ್ಣಿನ ವಾಸನೆಗಿಂತ ಚುರುಕು, ಮೂಗಿನೊಳಗೆ ತಣ್ಣಗೆ ಏರುವಂಥದ್ದು. ಅದಕ್ಕೆ ಚಿಟಿಕೆ ನೀಲಿ ಬೀಳುತ್ತಿತ್ತು. ಪುಂಡಿ ನಾರಿನ ಕುಂಚ ಹಿಡಿದು ಮನೆಯ ಹೆಂಗಸರೆಲ್ಲ ಗೋಡೆಗೆ ನಿಲ್ಲುತ್ತಿದ್ದರು. ಗಂಡಸರು ಆ ದಿನ ಬೇಕಂತಲೇ ಹೊಲದ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು. ಒಳಕೋಣೆಗಳಿಗೆ ಯಾರು ಬೇಕಾದರೂ ಬಳಿಯಬಹುದಿತ್ತು. ಬೀದಿಗೋಡೆಯಲ್ಲಿ ಬಾಗಿಲ ಎಡಕ್ಕೆ, ಕಟ್ಟೆಯ ಮೇಲಿನ ಒಂದು ಭಾಗವನ್ನು ಮಾತ್ರ ಆಯಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಅಲ್ಲಿ ಅಂಗೈಗಳಿದ್ದವು. ನಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೊಸಿಲು ದಾಟುವ ಮೊದಲು ಕೆಮ್ಮಣ್ಣು ಕಲಸಿದ ತಾಟಿನಲ್ಲಿ ಬಲಗೈ ಅದ್ದಿ ಆ ಗೋಡೆಗೆ ಒತ್ತಿ ಹೋಗಬೇಕು. ಬೇರೆ ಮನೆಗಳಲ್ಲಿ ಹೀಗೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ಆಯಿಯ ಅತ್ತೆಯ ಕಾಲದಿಂದ ಇತ್ತು. ಮುಂದೆ ಪ್ರತಿ ವರ್ಷ ಸುಣ್ಣ ಬಳಿಯುವಾಗ ಆ ಅಂಗೈಗಳ ಮೇಲೆ ಹನಿಯೂ ಬೀಳಬಾರದು. ಆಯಿ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದೊಂದು ಬೆರಳ ಗುರುತಿನ ಸುತ್ತಲೂ ಸುಣ್ಣ ತೀಡುತ್ತಿದ್ದಳು. ಕೆಮ್ಮಣ್ಣಿನ ಬಣ್ಣ ಮಳೆಗಾಳಿಗೆ ಹೋಗಿಬಿಡುತ್ತಿತ್ತು. ಸುತ್ತಲಿನ ಸುಣ್ಣ ಮಾತ್ರ ಪದರದ ಮೇಲೆ ಪದರ ಏರಿ, ಕೊನೆಗೆ ಜೋಳದ ರೊಟ್ಟಿಯಷ್ಟು ದಪ್ಪವಾಗಿ, ಅಂಗೈಗಳು ಗೋಡೆಯೊಳಗೆ ಇಳಿದು ಕುಳಿಗಳಾಗಿದ್ದವು. ಹಳೆಯ ಕೈಯಾದಷ್ಟೂ ಕುಳಿ ಆಳ. ಓಣಿಯಲ್ಲಿ ಹೋಗುವ ಹೊಸಬರಿಗೆ ಅವು ಗೋಡೆ ಉದುರಿದ ತೂತುಗಳ ಹಾಗೆ ಕಂಡಿರಬಹುದು. ನಮಗೆ ಒಂದೊಂದಕ್ಕೂ ಹೆಸರಿತ್ತು.

ಕೊನೆಯದು ಶಾಂತಾ ಅತ್ಯಾನದು. ಅತ್ಯಾ ನನ್ನ ಅಪ್ಪನ ತಂಗಿ, ಆಯಿಯ ಒಬ್ಬಳೇ ಮಗಳು. ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಮರುವರ್ಷವೇ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಆಗ ನಾನು ತೀರ ಚಿಕ್ಕವಳು. ಹುರಿದ ಶೇಂಗಾ ಸಿಪ್ಪೆಯನ್ನು ಊದಿ ಊದಿ ನನ್ನ ಬಾಯಿಗೆ ಕಾಳು ಹಾಕುತ್ತಿದ್ದ ಒಂದು ಕೈ, ಅದರ ಹಸಿರು ಬಳೆ, ಇಷ್ಟೇ ನೆನಪು. ಮುಖ ನೆನಪಿಲ್ಲ. ನೋಡೋಣವೆಂದರೆ ಫೋಟೋ ಇಲ್ಲ. ಬೀದರಿಗೆ ಹೋದಾಗ ಸ್ಟುಡಿಯೋದಲ್ಲಿ ತೆಗೆಸೋಣ ಎಂದು ಎಲ್ಲರೂ ಮುಂದೂಡುತ್ತ ಇದ್ದುಬಿಟ್ಟರು. ಅವಳೆಂಬವಳು ಇದ್ದಳು ಎನ್ನಲು ಉಳಿದಿದ್ದು ಗೋಡೆಯ ಆ ಅಂಗೈ ಒಂದೇ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದ ಮೇಲೆ ಆಯಿ ಒದ್ದೆ ಕೈಯನ್ನು ಸೀರೆಗೆ ಒರೆಸಿ, ಆ ಕುಳಿಯಲ್ಲಿ ಒಂದು ಗಳಿಗೆ ಇಟ್ಟು ಒಳಗೆ ಬರುತ್ತಿದ್ದಳು. ಅವಳು ಅತ್ತಿದ್ದನ್ನು ನಾನು ನೋಡಿಲ್ಲ. ನಾನೂ ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು ಕೈ ಇಡುತ್ತಿದ್ದೆ. ನನ್ನ ಪುಟ್ಟ ಕೈ ಆ ಕುಳಿಯೊಳಗೆ ಈಜಾಡುತ್ತಿತ್ತು. "ಅತ್ಯಾನಷ್ಟು ಆಗ್ಲಿಕ್ಕ ಇನ್ನಾ ಭಾಳ ರೊಟ್ಟಿ ತಿನಬೇಕು ನೀ" ಎಂದು ಆಯಿ ಚೇಷ್ಟೆ ಮಾಡುತ್ತಿದ್ದಳು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಒಂದು ದಿನ ಕೈ ಸರಿಯಾಗಿ ಕೂತಿತು, ಕಿರುಬೆರಳು ಕೂಡ. ಓಡಿಹೋಗಿ ಆಯಿಯನ್ನು ಎಳೆದುಕೊಂಡು ಬಂದು ತೋರಿಸಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟಳು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬೇಕು, ಹೊರಗಿನವರಿಗೆ ತೂತಿನಂತೆ ಕಾಣುವಂಥದ್ದು. ಆಯಿ ಹೋದಳು. ಅಪ್ಪನ ನೌಕರಿಗೆಂದು ನಾವು ಬೀದರಿಗೆ ಬಂದಿದ್ದೆವು, ನನ್ನ ಮದುವೆಯೂ ಅಲ್ಲೇ ಆಯಿತು. ಮನೆ ಕಾಕಾನ ಪಾಲಿಗೆ ಹೋಯಿತು. ಕಾಕಾ ಅಪ್ಪನ ಕೊನೆಯ ತಮ್ಮ, ಶಾಂತಾ ಅತ್ಯಾನ ಬೆನ್ನಿಗೆ ಹುಟ್ಟಿದವನು. ಹಿತ್ತಲು, ಅಡುಗೆಮನೆ, ಪಡಸಾಲೆ ಎಲ್ಲ ಕೆಡವಿ ಸಿಮೆಂಟಿನ ಮನೆ ಕಟ್ಟಿದ. ಬೀದಿಗೋಡೆ ಮಾತ್ರ ಉಳಿಯಿತು. ಕಾಕಾನ ಹೆಂಡತಿ ಕಾಕು ಇರುವ ತನಕ ಅದಕ್ಕೆ ಸುಣ್ಣವೂ ಬೀಳುತ್ತಿತ್ತು, ಅಂಗೈಗಳನ್ನು ಬಿಟ್ಟು. ಆ ಕೆಲಸ ಹೆಂಗಸರಿಂದ ಹೆಂಗಸರಿಗೆ ಬಂದದ್ದು. ಕಾಕು ತೀರಿಕೊಂಡ ಮೇಲೆ ಆ ಮನೆಯಲ್ಲಿ ಅದನ್ನು ಬಲ್ಲವರು ಉಳಿಯಲಿಲ್ಲ.

ಹೋದ ವರ್ಷ ಕಾಕಾನ ಫೋನು ಬಂತು. ದನಿಯಲ್ಲಿ ಹುರುಪು. ಕಲೆಗೆ ದುಡ್ಡು ಕೊಡುವ ಯಾವುದೋ ಸಂಸ್ಥೆಯವರು ಓಣಿಯ ಗೋಡೆಗಳಿಗೆಲ್ಲ ಚಿತ್ರ ಬರೆಸುತ್ತಿದ್ದಾರಂತೆ. "ನಮ್ಮ ಅಂಗೈ ಕಥಿ ಹೇಳಿದೆ ಬೇಟಾ. ಭಾಳ ಖುಷ್ ಆದ್ರು. ಅದನ್ನೇ ದೊಡ್ಡದ ಮಾಡ್ತಾರಂತ. ಉದ್ಘಾಟನಕ್ಕ ನೀ ಬರಬೇಕು, ಮನಿ ಮಗಳು ನೀ." ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬೀದರಿನ ಬಸ್ ನಿಲ್ದಾಣದ ಹತ್ತಿರ ಒಬ್ಬ ಹುಡುಗಿ ಬರೆದ ಕೈಗಾಡಿ ಎಳೆಯುವವನ ಚಿತ್ರವನ್ನು ನಾನು ನಿಂತು ನೋಡಿದವಳು. ಗಾಂಧಿ ಗಂಜ್ ಪೇಟೆಯ ಹಮಾಲರು ಅದರ ಮುಂದೆ ನಿಂತು ತಮ್ಮವನನ್ನು ಗುರುತು ಹಿಡಿಯುತ್ತಿದ್ದರು. ಚಿತ್ರ ಬರೆಯುವವರ ಮೇಲೆ ನನಗೆ ದ್ವೇಷವಿಲ್ಲ. ಅಂಗೈಗಳ ಸುತ್ತ ಏನೋ ಚಂದ ಬರೆಯುತ್ತಾರೆ, ಅವುಗಳಿಗೆ ಒಂದು ಕಾಪು ಆಗುತ್ತದೆ ಅಂದುಕೊಂಡು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ.

ಓಣಿ ತಿರುಗುವ ಮೊದಲೇ ಬಣ್ಣದ ವಾಸನೆ ಬಂತು. ಒಂದು ಗೋಡೆಯ ಮೇಲೆ ಕೋಟೆ, ಒಂದರ ಮೇಲೆ ಬಿದರಿ ಹೂಜಿ, ಇನ್ನೊಂದರ ಮೇಲೆ ಕೊಡ ಹೊತ್ತ ಹೆಂಗಸು. ಅವಳಿಗಿದ್ದ ಸೊಂಟ ಇಡೀ ಭಾಲ್ಕಿಯಲ್ಲಿ ಯಾರಿಗೂ ಇಲ್ಲ. ನಮ್ಮ ಗೋಡೆ ಬಾಗಿಲಿಂದ ಮೂಲೆಯವರೆಗೆ ಹಾಲುಬಿಳುಪಾಗಿ, ಹೊಸ ಫ್ರಿಜ್ಜಿನ ಹಾಗೆ ಹೊಳೆಯುತ್ತಿತ್ತು. ಒಂದು ಕುಳಿಯೂ ಇರಲಿಲ್ಲ. ಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ತಾಟು, ತಾಟಿನಲ್ಲಿ ಕೆಂಪು ಬಣ್ಣ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಒಬ್ಬ ತರುಣ, ಸಂಸ್ಥೆಯ ಕಡೆಯವನು, ಕೈಮುಗಿದು ಬಂದ. ಅಂಗೈಗಳೆಲ್ಲಿ ಎಂದು ಕೇಳಿದೆ.

"ಗ್ವಾಡಿ ಭಾಳ ಖರಾಬ್ ಇತ್ತರಿ ಮೇಡಂ. ತಗ್ಗು ಇದ್ರ ಬಣ್ಣ ಕೂಡಂಗಿಲ್ರಿ. ಕೆರದು, ಪುಟ್ಟಿ ಹಚ್ಚಿ, ಲೆವೆಲ್ ಮಾಡಿಸೀವ್ರಿ. ಈಗ ನೋಡ್ರಿ, ಅತಿಥಿಗಳ ಕೈಲಿಂದ ಹೊಸಾವ ಹಾಕಸ್ತೀವಿ. ನಿಮ್ಮ ಮನಿ ಪದ್ಧತಿ ಹಂಗೇ ಉಳೀತದ್ರಿ."

"ಕೆರದ್ರಿ?" ಅಂದೆ.

"ಮದ್ಲಿಂದು ಫೋಟೋ ಹೊಡಕೊಂಡೀವ್ರಿ" ಎಂದು ಮೊಬೈಲು ತೋರಿಸಿದ. ಫೋಟೋದಲ್ಲಿ ಕಾಕಾ ಶಾಲು ಹೊದ್ದು ನಗುತ್ತ ನಿಂತಿದ್ದ. ಎರಡು ಹಳೆಯ ಅಂಗೈಗಳು ಅವನ ಬಲಕ್ಕೆ ಮಸುಕಾಗಿ ಕಾಣುತ್ತಿದ್ದವು. ಶಾಂತಾ ಅತ್ಯಾನದು ಸರಿಯಾಗಿ ಅವನ ಬೆನ್ನ ಹಿಂದೆ.

ಮೈಕು ಶುರುವಾಯಿತು. ನಮ್ಮ ಜಾನಪದ, ನಮ್ಮ ಪರಂಪರೆ, ಉಳಿಸಬೇಕು, ಬೆಳೆಸಬೇಕು. ಬೀದರಿನಿಂದ ಬಂದಿದ್ದ ದೊಡ್ಡ ಸಾಹೇಬರು ಅಂಗಿಯ ತೋಳು ಮಡಚಿ, ಕೆಂಪಿನಲ್ಲಿ ಕೈ ಅದ್ದಿ ಗೋಡೆಗೆ ಒತ್ತಿ, ಹಾಗೆಯೇ ಕ್ಯಾಮರಾ ಕಡೆ ತಿರುಗಿ ನಿಂತರು. ಚಪ್ಪಾಳೆ ಬಿತ್ತು. ನನಗೆ ತಡೆಯಲಾಗಲಿಲ್ಲ. "ಯಾವ ಮನಿ ಬಿಟ್ಟು ಹೊಂಟೀರಿ ಸಾಹೇಬ್ರ?" ಎಂದು ಗಟ್ಟಿಯಾಗಿಯೇ ಕೇಳಿದೆ. ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಅವರ ಹಿಂದೆ ಒಬ್ಬೊಬ್ಬರೇ ಬಂದು ಕೈ ಒತ್ತಿದರು, ಎಲ್ಲ ಗಂಡಸರು. ಯಾರೂ ಎಲ್ಲಿಗೂ ಹೋಗುವವರಲ್ಲ. ಕೈ ತೊಳೆದುಕೊಳ್ಳಲು ಅವರಿಗೆ ಬಕೀಟಿನಲ್ಲಿ ಬಿಸಿನೀರು, ಸಾಬೂನು ಇಟ್ಟಿದ್ದರು. ಮನೆಯ ಮಗಳು ಬರಬೇಕು ಎಂದು ಮೈಕಿನಲ್ಲಿ ಕರೆದಾಗ ನಾನು ಎದ್ದು ಹೋಗಿ ತಾಟನ್ನು ಮುಚ್ಚಿಟ್ಟೆ. ಆ ತರುಣನ ಮುಖ ಸಣ್ಣದಾಯಿತು. ಆಗಲಿ ಅನ್ನಿಸಿತು.

ಎಲ್ಲರೂ ಉಪ್ಪಿಟ್ಟಿನ ಕಡೆ ಹೋದ ಮೇಲೆ ಕಾಕಾನನ್ನು ಹಿಡಿದೆ. "ಕಾಕಾ, ನಿಮ್ಮ ಅಕ್ಕನ ಕೈ ಕೆರಿಯೋ ಮುಂದ ನೀವೆಲ್ಲಿ ಇದ್ರಿ?" ಎಂದೆ. ದೊಡ್ಡವರ ಜೊತೆ ಹಾಗೆ ಮಾತಾಡಿದವಳಲ್ಲ ನಾನು. "ಇಲ್ಲೇ ಇದ್ದೆ ಬೇಟಾ. ಮಂದಿ ಬರ್ತಾರ, ಗ್ವಾಡಿ ಚೊಲೊ ಇರ್ಲಿ ಅಂತ ನಾನೇ ಅಂದೆ. ಒಳಗ ಕೈ ಹಂಗೇ ಇರ್ತಾವ, ಮ್ಯಾಲೆ ಬಣ್ಣ ಬರ್ತದ ಅಂದುಕೊಂಡೆ" ಎಂದ. ಸುಣ್ಣ ಬಳಿಯುವ ದಿನವೆಲ್ಲ ಹೊಲಕ್ಕೆ ಹೋಗುತ್ತಿದ್ದ ಗಂಡಸಿಗೆ ಆ ಕೈಗಳು ಗೋಡೆಯಲ್ಲಿಲ್ಲ, ಸುಣ್ಣದಲ್ಲಿವೆ ಎಂಬುದು ಹೇಗೆ ಗೊತ್ತಾಗಬೇಕು? ಸುಣ್ಣ ಕೆರೆದರೆ ಅವೂ ಪುಡಿಯಾಗಿ ಉದುರುತ್ತವೆ. ಆ ಪುಡಿಯನ್ನು ಯಾರೋ ಗುಡಿಸಿ ಚರಂಡಿಗೆ ಹಾಕಿದ್ದರು. ಕಟ್ಟೆಯ ಕೆಳಗೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

ಕಾಕಾ ಕಟ್ಟೆಯ ಹತ್ತಿರ ಹೋಗಿ ಬಾಗಿಲ ಎಡಕ್ಕೆ ಗೋಡೆ ತಡವಿದ. ಮೇಲೆ ತಡವಿದ, ಕೆಳಗೆ ತಡವಿದ. ಸಾಹೇಬರ ಹಸಿ ಅಂಗೈ ಅವನ ತೋಳಿಗೆ ಮೆತ್ತಿಕೊಂಡಿತು. "ಇಲ್ಲೇ ಇತ್ತಲ್ಲ... ಇಲ್ಲೇ ಇತ್ತು ಬೇಟಾ" ಎನ್ನುತ್ತಲೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ ನನ್ನ ಬಲಗೈ ತೆಗೆದುಕೊಂಡು, ಬೆರಳು ಬಿಡಿಸಿ ನೋಡಿದ. ವಯಸ್ಸಾಗಿ ಗೆಣ್ಣು ಊದಿದ ಕೈ ನನ್ನದು, ಆ ಕುಳಿ ಇದ್ದಿದ್ದರೂ ಈಗ ಅದರಲ್ಲಿ ಕೂರುತ್ತಿರಲಿಲ್ಲ. "ಎಷ್ಟ ಇತ್ತು ಅಕ್ಕನ ಕೈ? ಇಷ್ಟ ಇತ್ತೇನು?" ಎಂದು ಕೇಳಿದ. ಇದಕ್ಕಿಂತ ಸಣ್ಣದು ಎಂದೆ. ಎಷ್ಟು ಸಣ್ಣದು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.