ರೈನ್ ದಂಡೆಯ ದಫ್ತರದಲ್ಲಿ ಲೀನಾ ಆಂಟಿಯ ಹೆಸರು

ಅಮೆರಿಕದ ಡರ್ಹಮ್‌ನಿಂದ ಹೊರಟ ದಿನ ನನ್ನ ಸೂಟ್‌ಕೇಸಿನಲ್ಲಿ ಸ್ಲೈಡುಗಳ ಪೆಟ್ಟಿಗೆಗಿಂತ ಶೇಂಗಾ ಹೋಳಿಗೆಯ ಡಬ್ಬಿಯೇ ದೊಡ್ಡದಾಗಿತ್ತು. ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ತೊಂಬತ್ತರ ದಶಕದ ನಡುವೆ, ಒಂದು ಅಕ್ಟೋಬರ್‌ನಲ್ಲಿ, ಜ್ಯೂರಿಕ್‌ನಲ್ಲಿ ಮೂರು ದಿನದ ಸಮ್ಮೇಳನವಿತ್ತು. ಅದು ಮುಗಿದ ಮೇಲೆ ಒಂದು ದಿನ ಬಿಡುವು. ಆ ದಿನವನ್ನು ನಮ್ಮ ಪಕ್ಕದ ಮನೆಯ ಲೀನಾ ಆಂಟಿ ಎರಡು ತಿಂಗಳ ಮೊದಲೇ ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು.

ಲೀನಾ ಆಂಟಿಗೆ ಆಗ ಎಪ್ಪತ್ತೆಂಟು. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಉತ್ತರದ ಅಂಚಿನಲ್ಲಿ, ರೈನ್ ನದಿಯ ದಂಡೆಯ ಒಂದು ಪುಟ್ಟ ಹಳ್ಳಿಯಲ್ಲಿ. ಆಚೆ ದಂಡೆ ಜರ್ಮನಿ. ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮುಂಚೆ ಆಚೆ ದಂಡೆಯ ಹುಡುಗನನ್ನು ಮದುವೆಯಾದರು. ಪರದೇಶದವನ ಕೈಹಿಡಿದ ಹೆಣ್ಣು ಸ್ವಿಸ್ ಪೌರತ್ವ ಕಳೆದುಕೊಳ್ಳಬೇಕು ಎಂಬುದು ಆಗಿನ ಕಾನೂನು. ಹಳ್ಳಿಯ ದಫ್ತರದಲ್ಲಿ ಅಂಥವಳ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರಂತೆ. ಆ ದಫ್ತರ ಬರೆಯುತ್ತಿದ್ದ ಗುಮಾಸ್ತರು ಲೀನಾ ಆಂಟಿಯ ಅಪ್ಪನೇ. "ಕಾನೂನು ಹೇಳಿದ್ದನ್ನು ನನ್ನ ಕೈಯಾರೆ ಮಾಡುತ್ತೇನೆ" ಎಂದು ಮದುವೆಯ ಮುನ್ನಾದಿನ ಮಗಳಿಗೆ ಹೇಳಿದ್ದರು. ಆಮೇಲೆ ಅಪ್ಪ ಮಗಳು ಮಾತಾಡಲಿಲ್ಲ. ಯುದ್ಧ ಬಂತು, ನದಿಯ ಮೇಲಿನ ಗಡಿ ಮುಚ್ಚಿತು, ಅಪ್ಪ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಆಂಟಿಯ ಗಂಡನಿಗೆ ಕೆರೊಲೈನಾದ ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುವ ಕೆಲಸ ಸಿಕ್ಕಿತು.

ಈಗ ಕಾನೂನು ಬದಲಾಗಿ, ಅಂಥ ಹೆಂಗಸರು ಪೌರತ್ವ ಮರಳಿ ಕೇಳಬಹುದಾಗಿತ್ತು. ವಾಷಿಂಗ್ಟನ್‌ನ ರಾಯಭಾರ ಕಚೇರಿಯಿಂದ ತರಿಸಿದ ಅರ್ಜಿ ಎರಡು ವರ್ಷದಿಂದ ಆಂಟಿಯ ಅಡುಗೆಮನೆಯ ಡ್ರಾಯರ್‌ನಲ್ಲಿ ಬಿದ್ದಿತ್ತು. "ಅಪ್ಪ ಗೆರೆ ಎಳೆದಿದ್ದರೆ ನಾನು ಇದಕ್ಕೆ ಸಹಿ ಹಾಕುವುದಿಲ್ಲ. ನೀನು ಕಣ್ಣಾರೆ ನೋಡಿ ಬಾ. ನನ್ನನ್ನು ಸಮಾಧಾನ ಮಾಡಲು ಸುಳ್ಳು ಮಾತ್ರ ಹೇಳಬೇಡ" ಎಂದರು. ದಫ್ತರ ತೋರಿಸಲು ಒಪ್ಪಿಗೆಯ ಪತ್ರವನ್ನೂ ಬರೆದುಕೊಟ್ಟರು. ಊರಿನ ಹೆಸರನ್ನು ಯಾರಿಗೂ ಹೇಳಬೇಡ ಎಂದೂ ಕೇಳಿಕೊಂಡಿದ್ದರು, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ನಮ್ಮ ಮನೆಯವರು ಕಾರಿನಲ್ಲಿ ಕೇಳಿದರು: "ಅಲ್ಲಾ, ಆ ಆಫೀಸಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಂಡೀ ಇಲ್ಲೋ?"

"ಹಳ್ಳಿಗೆ ಹೋಗಾಕ ಎಂಥಾ ಅಪಾಯಿಂಟ್‌ಮೆಂಟ್‌ರೀ? ಹೋಗಿ ಬಾಗಿಲ ಬಡದ್ರ ಆತು."

"ನೋಡ್ಕೊ ಮತ್ತ. ಅದು ಸ್ವಿಟ್ಜರ್ಲೆಂಡ್ ಐತಿ, ಧಾರವಾಡ ಅಲ್ಲ."

ಅವರ ಮಾತು ಅಕ್ಷರಶಃ ನಿಜವಾಗುವುದಿತ್ತು. ಅಟ್ಲಾಂಟಾದಲ್ಲಿ ವಿಮಾನ ಬದಲಿಸಿ ಜ್ಯೂರಿಕ್ ಮುಟ್ಟಿದೆ. ಸಮ್ಮೇಳನದ ಬಗ್ಗೆ ಬರೆಯುವಂಥದ್ದೇನಿಲ್ಲ. ನಾಲ್ಕನೆಯ ದಿನ, ಗುರುವಾರ, ಬೆಳಿಗ್ಗೆ ರೈಲು ಹಿಡಿದೆ. ಮುಕ್ಕಾಲು ಗಂಟೆಯ ನಂತರ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಅಂಚೆ ಇಲಾಖೆಯ ಹಳದಿ ಬಸ್ಸು ನಿಂತಿತ್ತು. ಅಂಚೆಯವರು ಜನರನ್ನೂ ಸಾಗಿಸುವುದು ನನಗೆ ಬಲು ಮೋಜೆನಿಸಿತು. ಬಸ್ಸಿನಲ್ಲಿ ನಾನು, ಡ್ರೈವರ್, ಮತ್ತು ಬುಟ್ಟಿ ತುಂಬ ಸೇಬು ಹಿಡಿದ ಒಬ್ಬಾಕೆ. ಹೊರಗೆ ಬರೀ ಮಂಜು. ದ್ರಾಕ್ಷಿ ತೋಟಗಳ ಇಳಿಜಾರು ಕಳೆದು ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು.

ಊರಿಗೆ ಒಂದೇ ಬೀದಿ, ಅದೂ ಹೊಳೆಯ ಪಕ್ಕದಲ್ಲಿ, ಹೊಳೆ ತಿರುಗಿದಂತೆ ತಿರುಗುತ್ತದೆ. ಎಣಿಸಿದೆ: ಮೂವತ್ತೆಂಟು ಮನೆಗಳು. ಬಿಳಿ ಗೋಡೆಗಳ ನಡುವೆ ಕಪ್ಪು ಮರದ ತೊಲೆಗಳು. ಹೊಳೆಯ ಕಡೆಯ ಮನೆಗಳ ಬಾಗಿಲಿಗೆ ಆರೇಳು ಮೆಟ್ಟಿಲು. ಒಂದು ಗೋಡೆಯ ಮೇಲೆ ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗೀಟು ಕೊರೆದು ಇಸವಿ ಬರೆದಿದ್ದರು. ಅತಿ ಮೇಲಿನ ಗೀಟು ನನ್ನ ತಲೆಗಿಂತ ಒಂದು ಮೊಳ ಎತ್ತರದಲ್ಲಿತ್ತು.

ಪಂಚಾಯಿತಿ ಕಚೇರಿಯ ಬಾಗಿಲಿಗೆ ಬೀಗ. ವಾರಕ್ಕೆರಡೇ ಮಧ್ಯಾಹ್ನ, ಎರಡರಿಂದ ನಾಲ್ಕೂವರೆ ತನಕ ತೆರೆಯುತ್ತದೆಂದು ಫಲಕ ಹೇಳುತ್ತಿತ್ತು. ಪುಣ್ಯಕ್ಕೆ ಗುರುವಾರ ಅದರಲ್ಲಿ ಒಂದು. ಗುಮಾಸ್ತೆಯ ಮನೆ ಮಹಡಿಯ ಮೇಲೇ ಎಂದು ಸೇಬಿನಾಕೆ ಕೈ ತೋರಿಸಿದ್ದರಿಂದ ನಾನು ಮೆಟ್ಟಿಲೇರಿ ಬಾಗಿಲು ಬಡಿದೆ. ನನ್ನ ವಯಸ್ಸಿನವಳೇ, ಕೈಯಲ್ಲಿ ಫೋರ್ಕ್ ಹಿಡಿದೇ ಬಂದಳು. ಒಳಗಿನಿಂದ ಬೆಣ್ಣೆಯಲ್ಲಿ ಆಲೂಗಡ್ಡೆ ಹುರಿದ ವಾಸನೆ. ನಾನು ಅಮೆರಿಕದಿಂದ ಬಂದ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಗಡಿಯಾರ ನೋಡಿ, "ಎರಡು ಗಂಟೆಗೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಮೃದುವಾಗಿ ಬಾಗಿಲು ಮುಚ್ಚಿದಳು. ಒಳಗೆ ಬಾ, ಉಂಡು ಹೋಗು ಅನ್ನುವ ಮಾತೇ ಇಲ್ಲ! ನನಗೆ ಸಿಟ್ಟು ಬಂತು. ಡಬ್ಬಿ ಬಿಚ್ಚಿ ಹೊಳೆಯ ಕಟ್ಟೆಯ ಮೇಲೆ ಕೂತು ಎರಡು ಹೋಳಿಗೆ ತಿಂದ ಮೇಲೆ ಇಳಿಯಿತು.

ಅಷ್ಟರಲ್ಲಿ ಮಂಜು ಕರಗಿ ಆಚೆ ದಂಡೆ ಕಾಣಿಸಿತು: ಕಾಡು, ಒಂದು ಸುಂಕದ ಗುಡಿಸಲು, ಎರಡು ಹೆಂಚಿನ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ. ದಾಟಲು ಒಂದು ಮರದ ದೋಣಿ ಇತ್ತು. ಅದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡವಾಗಿ ಎತ್ತರದಲ್ಲಿ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ರಾಟೆಯಿಂದ ಕಟ್ಟಿದ್ದಾರೆ. ಅಂಬಿಗ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಓರೆ ಮಾಡುತ್ತಾನೆ, ಹರಿಯುವ ನೀರೇ ದೂಡಿಕೊಂಡು ಹೋಗಿ ಆಚೆ ಮುಟ್ಟಿಸುತ್ತದೆ. ಎರಡು ಫ್ರಾಂಕ್ ಕೊಟ್ಟು ಹತ್ತಿದೆ.

ಅಂಬಿಗ ಅರವತ್ತು ದಾಟಿದವನು, ಮಾತುಗಾರ. ಈ ಊರು ಹುಟ್ಟಿದ್ದೇ ದೋಣಿಯಿಂದ ಎಂದ. ಮೇಲಿನ ಕಾಡುಗಳ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ತೇಲಿಬಿಡುತ್ತಿದ್ದರು, ಉಪ್ಪಿನ ದೋಣಿಗಳು ಇಲ್ಲಿ ತಂಗುತ್ತಿದ್ದವು. ಸಾಲ್ಮನ್ ಮೀನು ಬಲೆಗೆ ಬೀಳುತ್ತಿತ್ತು. ಕೆಳಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ ಮೇಲೆ ಮೀನು ಬರುವುದು ನಿಂತಿತು.

"ಗಡಿ ಎಲ್ಲಿದೆ?" ಎಂದು ಕೇಳಿದೆ.

"ಈಗ ದಾಟಿದೆವು."

ಆಚೆ ಮುಟ್ಟಿದಾಗ ನನಗೆ ನೆನಪಾಯಿತು: ನನ್ನದು ಭಾರತದ ಪಾಸ್‌ಪೋರ್ಟ್, ಅದರಲ್ಲಿ ಇದ್ದದ್ದು ಸ್ವಿಸ್ ವೀಸಾ ಮಾತ್ರ. ಹೇಳಿದೆ. ಅವನು ಸುಂಕದ ಗುಡಿಸಲಿನತ್ತ ನೋಡಿ ನಕ್ಕ. "ಹಾಗಾದರೆ ಇಳಿಯಬೇಡಿ." ದೋಣಿಯಲ್ಲೇ ಕೂತು ಜರ್ಮನಿಯ ನೆಲ ನೋಡಿ ವಾಪಸಾದೆ. ಬರುವಾಗ ಗಡಿಯಾರ ನೋಡಿಕೊಂಡೆ, ಮೂರು ನಿಮಿಷ ಹಿಡಿಯಿತು. ಲೀನಾ ಆಂಟಿ ಮದುವೆಯ ದಿನ ದಾಟಿದ್ದು ಇಷ್ಟೇ ನೀರು. 

ಎರಡಕ್ಕೆ ಸರಿಯಾಗಿ ಗುಮಾಸ್ತೆ ಬೀಗ ತೆರೆದಳು. ರೂತ್ ಅಂತ ಹೆಸರು ಹೇಳಿ ಕೈಕುಲುಕಿದಳು. ಬರಿಗೈಯಲ್ಲಿ ಹೋಗಬಾರದಲ್ಲ, ನಾನು ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ರೂತ್‌ಳ ಮುಖ ಬಿಗಿಯಿತು. "ಇದು ಏನು? ಯಾಕೆ?" ಲಂಚ ಎಂದುಕೊಂಡಳೆಂದು ನನಗೆ ಹೊಳೆಯಲು ಅರ್ಧ ನಿಮಿಷ ಬೇಕಾಯಿತು. ಇದು ನಮ್ಮ ಪದ್ಧತಿ ಎಂದು ತೊದಲಿದೆ. ಅವಳು ಡಬ್ಬಿಯನ್ನು ಒಂದೇ ಬೆರಳಿನಿಂದ ಕಿಟಕಿಯ ಹಲಗೆಯವರೆಗೆ ತಳ್ಳಿ, "ನಾಲ್ಕೂವರೆಯ ನಂತರ ಮಾತಾಡೋಣ" ಎಂದಳು.

ಆಂಟಿಯ ಪತ್ರವನ್ನು ಎರಡು ಸಲ ಓದಿದಳು. ಈ ದೇಶದಲ್ಲಿ ಯಾರು ಎಲ್ಲಿ ಹುಟ್ಟಿದರೂ, ಎಲ್ಲಿ ಬಾಳಿದರೂ, ಕಾಗದದಲ್ಲಿ ಕೇಳುವುದು ಮನೆತನದ ಮೂಲ ಊರನ್ನು. ಮನೆತನದ ದಫ್ತರ ಆ ಊರಿನಲ್ಲೇ ಇರುತ್ತದೆ ಎಂದು ವಿವರಿಸಿದಳು. ನನಗೆ ನಗು ಬಂತು. ನಮ್ಮ ಉತ್ತರ ಕರ್ನಾಟಕದಲ್ಲೂ ಅಡ್ಡಹೆಸರೆಂದರೆ ಊರಿನ ಹೆಸರೇ, ನನ್ನದು ಸವಣೂರ ಎಂದೆ.

"ನೀವು ಆ ಊರಿನವರೇ?"

"ಅಲ್ಲ. ಎರಡು ಸಲ ಹೋಗಿದ್ದೇನೆ. ಅದು ಗಂಡನ ಮನೆತನದ್ದು. ಮದುವೆಗೆ ಮುಂಚೆ ಅಣ್ಣಿಗೇರಿ ಆಗಿದ್ದೆ. ನಮ್ಮಪ್ಪ ಈಗಲೂ ಪತ್ರದ ಮೇಲೆ ಅಣ್ಣಿಗೇರಿ ಅಂತಲೇ ಬರೆಯುತ್ತಾರೆ. ಆ ಹೆಸರಿನವರು ಇಲ್ಲಿಲ್ಲ ಎಂದು ಅಂಚೆಯವನು ಎರಡು ಸಲ ವಾಪಸ್ ಕಳಿಸಿದ."

ರೂತ್ ಮೊದಲ ಸಲ ನಕ್ಕಳು. ಕಬ್ಬಿಣದ ಬೀರುವಿನಿಂದ ಹಸಿರು ಬೈಂಡಿನ ಭಾರದ ಪುಸ್ತಕ ತೆಗೆದು ತೆರೆದಳು. ಎಡಕ್ಕೆ ಅಪ್ಪ ಅಮ್ಮನ ಹೆಸರು, ಕೆಳಗೆ ಮಕ್ಕಳದು. ಮೊದಲು ಬೇರೆ ಮನೆತನಗಳ ಹಾಳೆಗಳು ಬಂದವು. ಹೊರಗೆ ಮದುವೆಯಾದ ಹೆಣ್ಣುಮಕ್ಕಳ ಹೆಸರಿನ ಮೇಲೆಲ್ಲ ಸ್ಕೇಲಿಟ್ಟು ಎಳೆದ ನೇರ ಗೆರೆ, ಅಂಚಿನಲ್ಲಿ ಎರಡು ಸಾಲು ಷರಾ. ಎಲ್ಲ ಒಂದೇ ಕೈಬರಹ, ಲೀನಾ ಆಂಟಿಯ ಅಪ್ಪನದು. ಹಾಳೆಗಳು ಒಂದೊಂದಾಗಿ ತಿರುಗುತ್ತಿದ್ದವು. ಡರ್ಹಮ್‌ಗೆ ಹೋಗಿ ಇದನ್ನು ಹೇಗೆ ಹೇಳುವುದು ಎಂದು ವಾಕ್ಯ ಕಟ್ಟುತ್ತ ಕೂತೆ.

ಲೀನಾ ಆಂಟಿಯ ಮನೆತನದ ಹಾಳೆಯ ಮೇಲೆ ರೂತ್ ಬೆರಳು ನಿಲ್ಲಿಸಿದಳು. ಅಂಚಿನಲ್ಲಿ ಅದೇ ಷರಾ ಇತ್ತು, ಅವಳು ಇಂಗ್ಲಿಷಿನಲ್ಲಿ ಓದಿ ಹೇಳಿದಳು: ಮದುವೆಯಿಂದಾಗಿ ಊರಿನ ಹಕ್ಕು ಹೋಗಿದೆ, ದಿನಾಂಕ, ಸಹಿ. ಲೀನಾ ಎಂಬ ಹೆಸರಿನ ಮೇಲೆ ಗೆರೆ ಇರಲಿಲ್ಲ.

"ಮರೆತಿರಬಹುದೇ?" ಎಂದೆ.

ರೂತ್ ಇಲ್ಲವೆಂದು ತಲೆಯಾಡಿಸಿದಳು. "ಇದೇ ದಿನ ಇನ್ನೊಬ್ಬಳ ಹೆಸರಿಗೆ ಎಳೆದಿದ್ದಾರೆ ನೋಡಿ. ಅವರ ನಂತರ ನಾವು ಮೂವರು ಈ ಕುರ್ಚಿಯಲ್ಲಿ ಕೂತಿದ್ದೇವೆ. ಮೂವರೂ ನೋಡಿದ್ದೇವೆ. ಯಾರೂ ಎಳೆಯಲಿಲ್ಲ."

ಫೋಟೋಗೆ ಅನುಮತಿ ಇರಲಿಲ್ಲ. ನಾಲ್ಕೂವರೆಗೆ ಕಚೇರಿಗೆ ಬೀಗ ಹಾಕಿ, ಹೊರಗಿನ ಬೆಂಚಿನ ಮೇಲೆ ಕೂತು ರೂತ್ ಮೂರು ಹೋಳಿಗೆ ತಿಂದಳು. ಬಸ್ಸು ತಿರುವಿನಲ್ಲಿ ಏರುವಾಗ ಹಿಂದಕ್ಕೆ ನೋಡಿದೆ. ದೋಣಿ ನದಿಯ ನಡುವೆ ಓರೆಯಾಗಿ ಸರಿಯುತ್ತಿತ್ತು.

ಡರ್ಹಮ್‌ನ ಮನೆಯಲ್ಲಿ ಎಂಟು ವರ್ಷದ ಮಗಳು ಸ್ಮಿತಾ ಬಾಗಿಲಲ್ಲೇ ಹೇಳಿದಳು: "ಅವ್ವಾ, ಲೀನಾ ಆಂಟಿ ಮಾರ್ನಿಂಗಿಂದ ವಿಂಡೋ ಹತ್ರ ವೇಟ್ ಮಾಡ್ತಿದ್ದಾಳೆ." ಸೂಟ್‌ಕೇಸು ಅಲ್ಲೇ ಬಿಟ್ಟು ಆಂಟಿಯ ಮನೆಗೆ ಹೋದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ, ಅಂಚಿನ ಷರಾವನ್ನೂ ಬಿಡದೆ.

ಆಂಟಿ ಮೇಜಿನ ಅಂಚು ಸವರಿದರು. "ಅಪ್ಪ ದಿನಸಿ ಚೀಟಿಗೂ ಸ್ಕೇಲಿಟ್ಟು ಗೆರೆ ಎಳೆಯುವ ಮನುಷ್ಯ. ಮರೆಯುವವರಲ್ಲ" ಎಂದರು. ಕಣ್ಣು ತುಂಬಿತ್ತು. ಎದ್ದು ಡ್ರಾಯರ್‌ನಿಂದ ಅರ್ಜಿ ತೆಗೆದರು. ನಾನು ಪೆನ್ನು ಮುಂದೆ ಮಾಡಿದೆ. ಅವರು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮಡಚಿ, ಕಸದ ಬುಟ್ಟಿಗೆ ಹಾಕಿದರು.

"ಇದು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳುವವರಿಗೆ" ಎಂದರು. "ನನ್ನನ್ನು ತೆಗೆದೇ ಇಲ್ಲವಲ್ಲ."

ಮರುದಿನ ಬೆಳಿಗ್ಗೆ ಅಂಚೆಯವನು ಬರುವ ಮುಂಚೆ ನಾನು ಕಪ್ಪು ಬಣ್ಣದ ಡಬ್ಬಿ, ಸಣ್ಣ ಕುಂಚ ಹಿಡಿದು ರಸ್ತೆಯ ಅಂಚಿನ ನಮ್ಮ ಅಂಚೆಪೆಟ್ಟಿಗೆಯ ಹತ್ತಿರ ಹೋದೆ. ಸವಣೂರ ಎಂದಿದ್ದುದರ ಕೆಳಗೆ ಅಣ್ಣಿಗೇರಿ ಎಂದೂ ಬರೆದೆ.