ಮಸಿ ಅಣಬೆ ಮತ್ತು ನಾನು ನುಂಗಿದ ಮಾತು

ಅಣಬೆ ತಿನ್ನುವ ಮನೆಯಲ್ಲಿ ಹುಟ್ಟಿದವಳಲ್ಲ ನಾನು. ಇಚಲಕರಂಜಿಯ ನಮ್ಮ ಜೈನ ಮನೆಯಲ್ಲಿ ಚಾತುರ್ಮಾಸ ಬಂತೆಂದರೆ ಸೊಪ್ಪಿನ ಪಲ್ಯ ಕೂಡ ಒಲೆ ಏರುವುದಿಲ್ಲ, ಇನ್ನು ಅಣಬೆಯ ಮಾತೆಲ್ಲಿ ಬಂತು. ಆದರೂ ಕೊಲ್ಹಾಪುರದಲ್ಲಿ ರಸಾಯನಶಾಸ್ತ್ರ ಓದುವಾಗ ಅಣಬೆಗಳೊಳಗಿನ ವಿಷಗಳ ಹುಚ್ಚು ಹಿಡಿಯಿತು. ಅವ್ವ ತಲೆ ಚಚ್ಚಿಕೊಂಡರೂ ಬಿಡಲಿಲ್ಲ.

ಗಡಹಿಂಗ್ಲಜದ ಕಾಲೇಜಿಗೆ ಪಾಠ ಹೇಳಲು ಬಂದ ಮೊದಲ ವರ್ಷ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹುಟ್ಟಿದಾಗಿನಿಂದ ಇಚಲಕರಂಜಿಯ ವಿದ್ಯುತ್ ಮಗ್ಗಗಳ ಸದ್ದಿನಲ್ಲೇ ಮಲಗಿದವಳಿಗೆ ಆ ಊರಿನ ಮೌನ ಕಿವಿಗೆ ಚುಚ್ಚುತ್ತಿತ್ತು. ಕಾಲೇಜು ಮುಗಿಸಿ ಮಹಡಿಯ ಬಾಡಿಗೆ ಕೋಣೆಗೆ ಬಂದು ಬಾಗಿಲು ಹಾಕಿದರೆ ಮರುದಿನದ ತನಕ ಮಾತಾಡಿಸುವವರಿಲ್ಲ. ಒಂದು ದನಿಯಾದರೂ ಕೇಳಲಿ ಎಂದು ಹಾಲಿನವನ ಜೊತೆ ಸುಳ್ಳುಸುಳ್ಳೇ ಜಗಳ ತೆಗೆಯುತ್ತಿದ್ದೆ. ನನಗೆ ಸಿಟ್ಟು ಬೇಗ, ಹಾಗಾಗಿ ಆ ನಾಟಕಕ್ಕೆ ಕಷ್ಟಪಡಬೇಕಾಗಿರಲಿಲ್ಲ.

ಕೆಳಗೆ ಮನೆಯ ಯಜಮಾನರು, ಅವರ ಹೆಂಡತಿ. ನಾನು ಅವರನ್ನು ಕಾಕಾ, ಕಾಕೂ ಎನ್ನುತ್ತಿದ್ದೆ. ಕಾಕಾ ಶಾಲೆಯ ಮಾಸ್ತರಿಕೆ ಮುಗಿಸಿ ಕಬ್ಬು ಬೆಳೆಯುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಊರಲ್ಲಿ ದೊಡ್ಡ ಹೆಸರು. ಮಳೆಗಾಲದ ರವಿವಾರಗಳಲ್ಲಿ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು. ಬದುವಿನ ಮೇಲೆ ಕಂಡ ಅಣಬೆಯನ್ನೆಲ್ಲ ನಾನು ಗುರುತಿಸಿ ಹೇಳಬೇಕು, ಅವರು ನಗಬೇಕು.

“ತಿನ್ನಂಗಿಲ್ಲ, ಮೂಸಂಗಿಲ್ಲ, ಜಾತಕ ಮಾತ್ರ ಬಾಯಿಪಾಠ,” ಎಂದು ಕಾಡುತ್ತಿದ್ದರು. ಇಡೀ ವಾರದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಎರಡು ತಾಸು ಮಾತ್ರ. ಅದು ಹೋದರೆ ಆ ಊರಲ್ಲಿ ನನಗೆ ಏನೂ ಉಳಿಯುತ್ತಿರಲಿಲ್ಲ.

ಕಾಕಾ ಕುಡಿಯುತ್ತಿದ್ದರು. ಹೊಲದ ಪಂಪಿನ ಕೋಣೆಯಲ್ಲಿ ಗೊಬ್ಬರದ ಚೀಲದ ಹಿಂದೆ ಬಾಟಲಿ ಇದ್ದುದನ್ನು ನಾನೇ ಒಮ್ಮೆ ನೋಡಿದ್ದೆ. ಮನೆಗೆ ಬರುವಾಗ ಬಾಯಲ್ಲಿ ಲವಂಗ. ಕಾಕೂಗೆ ಗೊತ್ತಿರಲಿಲ್ಲ. ನಾನು ಕಂಡೂ ಕಾಣದಂತಿದ್ದೆ.

ಆ ರವಿವಾರ ಕಡಿದ ಮಾವಿನ ಬೊಡ್ಡೆಯ ಸುತ್ತ ಬೂದು ಬಣ್ಣದ ಅಣಬೆಗಳು ಗುಂಪಾಗಿ ಎದ್ದಿದ್ದವು. ನಾನು ಕುಣಿಯುವುದೊಂದು ಬಾಕಿ. ಪುಸ್ತಕದಲ್ಲಷ್ಟೇ ನೋಡಿದ್ದ ಮಸಿ ಅಣಬೆ! ಈ ಅಣಬೆ ಕೊಳೆಯುವುದಿಲ್ಲ, ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಕೊಡೆಯ ಅಂಚಿನ ಬೀಜಕಣಗಳು ಮೊದಲು ಬಲಿತು ಗಾಳಿಗೆ ಹಾರುತ್ತವೆ. ಕೂಡಲೇ ಅದರ ಕಿಣ್ವಗಳು ಆ ಅಂಚನ್ನು ಕರಗಿಸಿ, ಮೇಲಿನ ಕಣಗಳಿಗೆ ದಾರಿ ಬಿಡುತ್ತವೆ. ಹಾಗೆ ಕರಗುತ್ತಾ ಕೊನೆಗೆ ಉಳಿಯುವುದು ತೊಟ್ಟಿಕ್ಕುವ ಕಪ್ಪು ಮಸಿ. ಅದರಲ್ಲಿ ಅಕ್ಷರ ಬರೆಯಬಹುದು.

“ತಿನ್ನಾಕ ಬರ್ತೈತೇನವಾ?”

“ಬರ್ತೈತ್ರಿ. ಕಪ್ಪಾಗೂದರಾಗ ಬೇಯಿಸಬೇಕು ನೋಡ್ರಿ.”

ಅದರ ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಈ ಅಣಬೆಯಲ್ಲಿ ಕೊಪ್ರಿನ್ ಎಂಬ ವಸ್ತು ಇದೆ. ಕುಡಿಯದವರಿಗೆ ಅದು ಏನೂ ಮಾಡುವುದಿಲ್ಲ. ಕುಡಿದ ಮದ್ಯ ಮೈಯಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಅದನ್ನು ಯಕೃತ್ತಿನ ಒಂದು ಕಿಣ್ವ ಮುರಿದುಹಾಕುತ್ತದೆ. ಕೊಪ್ರಿನ್ ಹೊಟ್ಟೆಗೆ ಹೋದರೆ ಆ ಕಿಣ್ವದ ಕೈ ಕಟ್ಟಿದಂತೆ. ವಿಷ ರಕ್ತದಲ್ಲೇ ತುಂಬುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ಎರಡು ಮೂರು ದಿನ ಗುಂಡು ಮುಟ್ಟುವಂತಿಲ್ಲ. ಆದರೆ ಅಪ್ಪನ ವಯಸ್ಸಿನ, ಲಿಂಗ ಕಟ್ಟಿದ ಮನುಷ್ಯನಿಗೆ ‘ಕುಡೀಬ್ಯಾಡ್ರಿ’ ಎಂದರೆ, ನೀವು ಕುಡಿಯುತ್ತೀರಿ ಎಂದಂತಲ್ಲವೇ? ನಮ್ಮ ಕಡೆ ಹಿರಿಯರ ಮುಂದೆ ಅಂಥ ಮಾತು ಬಾಯಿಗೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ರವಿವಾರ ಅವರು ಕರೆಯದಿದ್ದರೆ ಎಂಬ ಭಯ. ಮಾತು ನುಂಗಿದೆ.

ಕಾಕಾ ಅಣಬೆ ಕಿತ್ತು ಮನೆಗೆ ತಂದರು, ಮಧ್ಯಾಹ್ನ ಅದರ ಪಲ್ಯ ಉಂಡರು, ಮತ್ತೆ ಹೊಲಕ್ಕೆ ಹೋದರು. ನಾಲ್ಕು ಗಂಟೆಗೆ ತೂರಾಡುತ್ತ ಬಂದು ಕಟ್ಟೆಯ ಮೇಲೆ ಕುಸಿದರು. ಮುಖ, ಕತ್ತು ಕೆಂಪು ಕೆಂಪು. “ಎದಿ ಹೊಡಕೊಳ್ಳಾಕತ್ತೈತಿ. ಬಾಯಾಗ ಕಬ್ಬಿಣ ಇಟ್ಟಂಗ ಆಗೈತಿ,” ಎಂದವರೇ ವಾಂತಿ ಮಾಡಿಕೊಂಡರು. ಅಣಬೆ ಎಂದ ಕೂಡಲೇ ಊರಿನ ಡಾಕ್ಟರು ಕೊಲ್ಹಾಪುರಕ್ಕೆ ಒಯ್ಯಿರಿ ಎಂದರು.

ಕಾಕೂ ಅವರ ತಮ್ಮ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಕಾಕೂ ನನ್ನ ಕೈ ಹಿಡಿದು ಅತ್ತರು. “ಉಳೀತಾರೇನವಾ? ನೀ ಓದಿದಾಕಿ, ಹೇಳವಾ.” ಇದರಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ, ಕೆಲವು ತಾಸಿನಲ್ಲಿ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿದರೆ ಕಾರಣವನ್ನೂ ಹೇಳಬೇಕಿತ್ತು. “ಉಳೀತಾರ್ರಿ,” ಎಂದಷ್ಟೇ ಅಂದೆ. ಅವರು ನಂಬಲಿಲ್ಲ. ಆ ಹೆಂಗಸನ್ನು ಅಷ್ಟು ದೂರ ಅಳಿಸಿಕೊಂಡು ಹೋದೆನಲ್ಲ, ನನ್ನ ಸಭ್ಯತೆಗೆ ಬೆಂಕಿ ಬೀಳಲಿ.

ಆಸ್ಪತ್ರೆಯಲ್ಲಿ ಡಾಕ್ಟರು, ಕುಡಿದಿದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದರು, “ದಾರೂ ಘೇತಲೀ ಕಾ?”

“ಶಿವ ಶಿವಾ, ದಾರೂ ಎಲ್ಲಿದ್ರಿ, ಕೊರಳಾಗ ಲಿಂಗ ಐತ್ರಿ,” ಎಂದರು ಕಾಕೂ. ಕಾಕಾ ಕಣ್ಣು ಮುಚ್ಚಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಹೊಟ್ಟೆ ತೊಳೆಯಲು ನರ್ಸ್ ಕೊಳವೆ ತಂದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಕುಡದಾರ್ರಿ. ದಿನಾ ಕುಡೀತಾರ,” ಎಂದುಬಿಟ್ಟೆ. ಅಣಬೆಯ ಹೆಸರನ್ನೂ ಕೊಪ್ರಿನ್ ವಿಷಯವನ್ನೂ ಹೇಳಿದೆ. ಕೊಳವೆ ಪಕ್ಕಕ್ಕೆ ಹೋಯಿತು, ಸಲೈನ್ ಹಚ್ಚಿದರು. ಕಾಕೂ ನನ್ನ ಕೈ ಬಿಟ್ಟರು. ಅವರ ತಮ್ಮ ಹೊರಗೆ ಎದ್ದು ಹೋದ.

ಮೂರು ದಿನ ಬಿಟ್ಟು ಕಾಕಾ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ.

“ನಾ ಕುಡಿಯೂದು ನಿನಗ ಮೊದಲ ಗೊತ್ತಿತ್ತಲ್ಲ?”

“ಗೊತ್ತಿತ್ರಿ.”

“ಹೊಲದಾಗ ನಾವಿಬ್ಬರ ಇದ್ವಿ. ಅಲ್ಲೆ ಒಂದ್ ಮಾತ ಅನಬೇಕಿತ್ತು. ದವಾಖಾನ್ಯಾಗ ಎಲ್ಲಾರ ಮುಂದ ಅಂದಿ.”

“ನೀವು ದೊಡ್ಡವರು. ಹ್ಯಾಂಗ ಅನ್ಲಿರಿ?”

ಅವರು ಬಾಗಿಲ ಚೌಕಟ್ಟು ಬಿಟ್ಟು ತಿರುಗಿದರು.

“ಮಗಳಾಗಿದ್ರ ಅಂತಿದ್ದಿ,” ಎಂದು ಮೆಟ್ಟಿಲು ಇಳಿದರು.