ಮೊಳಕೆ ವಾಲಿದ ದಿಕ್ಕು

ಬೀದರ ಬಸ್ ನಿಲ್ದಾಣದಿಂದ ಭಾಲ್ಕಿಯ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಕಂಡಕ್ಟರ್ ನಮ್ಮಿಬ್ಬರ ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಕೊಟ್ಟ. ನನ್ನ ತೊಡೆಯ ಮೇಲೆ ಪ್ರಶ್ನೆಪತ್ರಿಕೆಗಳ ಚೀಲ, ಪಕ್ಕದಲ್ಲಿ ಶಬಾನಾ ಆಪಾ. ನಾನು ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕಿ. ಆಪಾ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ. ನನ್ನ ಪಿಎಚ್.ಡಿ. ಅಧ್ಯಯನಕ್ಕೆ ಲೆಕ್ಕದ ಕಡೆಯಿಂದ ಅವರೇ ಆಸರೆ. ಎರಡು ವರ್ಷ ತಲೆಯಲ್ಲಿ ಹೊತ್ತು ತಿರುಗಿದ ಒಂದು ಮಾತು ನಿಜವೋ ಸುಳ್ಳೋ ಎಂದು ಅಂದು ಸಂಜೆಯೊಳಗೆ ತಿಳಿಯುವುದಿತ್ತು. ಕಿಟಕಿಯ ಗಾಳಿಗೆ ಮುಖ ಒಡ್ಡಿ ಕೂತರೂ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ.

ಮಾತು ಇಷ್ಟೇ: ಗಿಡ ಬೆಳೆಯುವುದನ್ನು ಮಕ್ಕಳು ದಿನಾ ಚಿತ್ರ ಬಿಡಿಸುತ್ತ ಹೋದರೆ ವಿಜ್ಞಾನ ಹೆಚ್ಚು ತಿಳಿಯುತ್ತದೆ. ಅದಕ್ಕಾಗಿ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯಿಂದ ಹೆಸರುಕಾಳು ತಂದು ಆರು ಶಾಲೆಗಳ ಆರನೇ ತರಗತಿಗೆ ಹಂಚಿದ್ದೆವು. ಕಾಗದದ ಕಪ್ಪಿನಲ್ಲಿ ಮಣ್ಣು, ಮಣ್ಣಿನಲ್ಲಿ ಕಾಳು. ಮೂರು ಶಾಲೆಯವರು ಎರಡು ವಾರ ಚಿತ್ರ ಬಿಡಿಸಬೇಕು. ಉಳಿದ ಮೂರರವರು ಕಂಡದ್ದನ್ನು ಬರೆದಿಡಬೇಕು, ಚಿತ್ರ ಕೂಡದು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಯಾವ ಶಾಲೆಗೆ ಯಾವುದೆಂದು ಆಪಾ ಚೀಟಿ ಎತ್ತಿಯೇ ಗೊತ್ತುಮಾಡಿದ್ದರು. ಬೀದರದ ಸುತ್ತಿನ ನಾಲ್ಕು ಶಾಲೆಗಳ ಪರೀಕ್ಷೆ ಮುಗಿದಿತ್ತು. ಎರಡೂ ಗುಂಪು ಹೆಚ್ಚುಕಡಿಮೆ ಸಮ. ಉಳಿದದ್ದು ಚಿತ್ರದ ಗುಂಪಿನ ಭಾಲ್ಕಿ, ಬರಹದ ಗುಂಪಿನ ಚಿಂತಾಕಿ.

ಭಾಲ್ಕಿಯಲ್ಲಿ ಇಳಿದಾಗ ಹಿಂದಿನ ದಿನದ ಮಳೆಯ ನೀರು ಇನ್ನೂ ರಸ್ತೆಯ ತಗ್ಗುಗಳಲ್ಲಿತ್ತು. ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು ಶಾಲೆಗೆ ನಡೆದೆವು. ಮಕ್ಕಳು ಉತ್ತರ ಬರೆಯತೊಡಗಿದ ಮೇಲೆ ನಾನು ಅವರ ಚಿತ್ರದ ವಹಿಗಳನ್ನು ತಿರುವಿದೆ. ಎಡಗಡೆಯ ಕಿಟಕಿಯಲ್ಲಿ ಕಪ್ಪುಗಳ ಸಾಲು. ಒಂದೊಂದು ಮೊಳಕೆಯೂ ಬೆಳಕಿಗಾಗಿ ಕಿಟಕಿಯ ಕಡೆ, ಎಡಕ್ಕೆ ಬಾಗಿತ್ತು. ವಹಿಗಳಲ್ಲಿ ಮಾತ್ರ ಎಲ್ಲ ಮೊಳಕೆಗಳೂ ಬಲಕ್ಕೆ ಬಾಗಿದ್ದವು. ಎರಡು ಎಲೆ, ಮೂರು ಎಳೆ ಬೇರು, ಪುಟದಿಂದ ಪುಟಕ್ಕೆ ಅದೇ ಚಿತ್ರ. ನನಗೆ ತಟ್ಟನೆ ಗುರುತು ಹತ್ತಿತು. ಅನುಕೂಲವಾಗಲೆಂದು ಚಿತ್ರದ ಮೂರೂ ಶಾಲೆಗಳಿಗೆ ನಾನೇ ಒಂದು ಮಾದರಿ ಬಿಡಿಸಿ ಕಳಿಸಿದ್ದೆ. ಅದು ಬೋರ್ಡಿನ ಪಕ್ಕ ಅಂಟಿತ್ತು.

ಪರೀಕ್ಷೆ ಮುಗಿದ ಮೇಲೆ ಮುಂದಿನ ಸಾಲಿನ ಹುಡುಗನನ್ನು ಕೇಳಿದೆ, "ಕಪ್ಪಿನಾಗಿನ ಗಿಡ ನೋಡಿ ತಗೀಲಿಲ್ಲೇನಪ್ಪ?"

"ನಿಮ್ಮ ಚಿತ್ರ ಭಾಳ ಛಂದ ಅದರಿ ಮೇಡಂ. ಅದನ್ನ ನೋಡಿ ತಗದೇವ್ರಿ," ಎಂದ ಅವನು.

ಭಾಲ್ಕಿಯಿಂದ ಔರಾದದ ಬಸ್ಸು ಹತ್ತಿದೆವು. ಹೊರಗೆ ಕೆಂಪು ನೆಲ ಹೋಗಿ ಕಪ್ಪು ನೆಲ ಬಂದಿತ್ತು. ಸೋಯಾ ಹಳದಿಗೆ ತಿರುಗುತ್ತಿತ್ತು, ತೊಗರಿ ಇನ್ನೂ ಹಸಿರು. ಔರಾದ ಹತ್ತಿರವಾದಾಗ ಕೇಳಿದೆ. "ಆಪಾ, ಭಾಲ್ಕಿ ಲೆಕ್ಕದಾಗ ಬಿಟ್ಟುಬಿಡೋಣೇನ್ರಿ? ತಪ್ಪು ನಂದು, ಹುಡುಗರದ್ದಲ್ಲ."

"ಚೀಟಿ ಎತ್ತಿದ ಮ್ಯಾಗ ಸಾಲಿ ಬಿಡೂದಿಲ್ಲ ಸುಜಾತಾ. ಬ್ಯಾಡಾದದ್ದು ತಗದು ಹಾಕಿದ್ರ, ನಿನಗ ಬೇಕಾದದ್ದಷ್ಟೇ ಉಳೀತದ. ಅಷ್ಟಕ್ಕ ಇಷ್ಟು ತಿರುಗಾಡೂದು ಯಾಕ?"

ಔರಾದದ ಖಾನಾವಳಿಯಲ್ಲಿ ಎಂಬತ್ತು ರೂಪಾಯಿಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿಗೆ ಶೇಂಗಾ ಹಿಂಡಿ. ಆಪಾ ಎರಡು ರೊಟ್ಟಿ ಮುಗಿಸಿದರು. ನನಗೆ ಒಂದೂ ಇಳಿಯಲಿಲ್ಲ. ಅಲ್ಲಿಂದ ಚಿಂತಾಕಿಗೆ ಆಟೊದಲ್ಲಿ ತಲಾ ಮೂವತ್ತು ರೂಪಾಯಿ ಕೊಟ್ಟು, ಏಳು ಜನರ ನಡುವೆ ಒತ್ತಿಕೊಂಡು ಹೋದೆವು.

ಹೆಡ್ ಮಾಸ್ತರರು ಗೇಟಿನ ಹತ್ತಿರವೇ ಬಂದರು. ಮುಖ ಸಪ್ಪಗಿತ್ತು. "ಒಂದು ತಪ್ಪಾಗ್ಯದ್ರಿ ಮೇಡಂ. ಚಿತ್ರ ತಗೀಬ್ಯಾಡ್ರಿ ಅಂತ ಹೇಳಿದ್ರೂ ಒಬ್ಬ ಹುಡುಗಿ ವಹಿಯೊಳಗ ಗೆರಿ ಹಾಕ್ಯಾಳ್ರಿ. ನಾನೇ ರಬ್ಬರ್ ಹಚ್ಚಿ ಅಳಿಸೇನ್ರಿ."

ಹುಡುಗಿಯ ಹೆಸರು ಪ್ರಜ್ಞಾ. ವಹಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಕೇಳಿದ ಮೇಲೆ ಕೊಟ್ಟಳು. ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಗಿಡ ಬಾಗಿಲ ಕಡೆ ವಾಲಿದೆ, ಕಪ್ ತಿರುಗಿಸಿ ಇಟ್ಟೆ. ಎರಡು ದಿನ ಬಿಟ್ಟು: ಮತ್ತೆ ಬಾಗಿಲ ಕಡೆ ಬಂದಿದೆ, ಮತ್ತೆ ತಿರುಗಿಸಿದೆ. ಹೀಗೆ ನಾಲ್ಕು ಸಲ. ಪ್ರತಿ ಸಲದ ಪಕ್ಕದಲ್ಲಿ ಅಳಿಸಿದ ಗೆರೆಯ ಮಸುಕು ಗುರುತು, ಹಾವಿನಂತೆ ತಿರುತಿರುಗಿ ಏರಿದ ಒಂದು ದಂಟು.

"ಅದು ಹ್ಯಾಂಗ ತಿರುಗ್ಯದ ಅಂತ ಬರಿಯಾಕ ಬರಲಿಲ್ರಿ," ಎಂದಳು. "ಅದಕ್ಕ ಗೆರಿ ಹಾಕೀನ್ರಿ."

ಕಪ್ಪುಗಳಿದ್ದ ಮೂಲೆಗೆ ಹೋಗಿ ನೆಲದ ಮೇಲೆ ಕೂತೆ. ಅವಳದೊಂದೇ ಅಲ್ಲ, ಅರ್ಧ ತರಗತಿಯ ಗಿಡಗಳು ಸೊಟ್ಟಗಿದ್ದವು. ಅವಳನ್ನು ನೋಡಿ ಉಳಿದವರೂ ಕಪ್ ತಿರುಗಿಸಿದ್ದರು. ನಾವು ಹೇಳದ ಪ್ರಯೋಗವೊಂದನ್ನು ಮಕ್ಕಳು ತಾವೇ ಮಾಡಿದ್ದರು. ಒಂದೊಂದೇ ಕಪ್ ಎತ್ತಿ ದಂಟಿನ ತಿರುವು ನೋಡಿದೆ. ಬೆಳಗಿನಿಂದ ಇದ್ದ ದಿಗಿಲು ಎಲ್ಲಿ ಹೋಯಿತೋ ಗೊತ್ತಿಲ್ಲ.

ಪರೀಕ್ಷೆಯ ನಂತರ ಆಪಾ ಪಡಸಾಲೆಯಲ್ಲಿ ಕೂತು ಎರಡೂ ಊರಿನ ಉತ್ತರಪತ್ರಿಕೆ ತಿದ್ದಿದರು. ಚಿಂತಾಕಿ ಮುಂದಿತ್ತು, ಭಾಲ್ಕಿ ಹಿಂದೆ.

"ಚಿತ್ರ ತಗದ್ರ ಹೆಚ್ಚು ತಿಳೀತದ ಅನ್ನೂ ನಿನ್ನ ಮಾತು ನಿಲ್ಲಲಿಲ್ಲ," ಎಂದರು ಮೆಲ್ಲಗೆ.

"ನಿಲ್ಲಲಿಲ್ಲ ಅಂತನ ಬರೀತೇನ್ರಿ ಆಪಾ. ಗಿಡ ನೋಡದೇ ತಗದ ಚಿತ್ರಕ್ಕೂ ನೋಡಿ ತಗದ ಚಿತ್ರಕ್ಕೂ ಎಷ್ಟು ಫರಕ್ ಅದ, ಅದನ್ನೂ ಬರೀತೇನಿ. ಮುಂದಿನ ಸಲ ಎರಡನ್ನೂ ಬ್ಯಾರೆ ಗುಂಪು ಮಾಡೋಣ್ರಿ."

ಆಪಾ ಆಗಲೇ ಖಾಲಿ ಪ್ರಶ್ನೆಪತ್ರಿಕೆಯ ಬೆನ್ನಿಗೆ ಮೂರು ಮನೆಯ ಕೋಷ್ಟಕ ಗೀಚುತ್ತಿದ್ದರು: ಬರಹ, ನೋಡಿ ತೆಗೆದ ಚಿತ್ರ, ನೋಡದೆ ತೆಗೆದ ಚಿತ್ರ.

ಭಾಲ್ಕಿಯ ಮಕ್ಕಳು ನನ್ನ ಮಾದರಿ ನೋಡಿ ಬಿಡಿಸಿದ್ದನ್ನು ಹೇಳಿದಾಗ ಪ್ರಜ್ಞಾ ಆ ಚಿತ್ರ ನೋಡಬೇಕೆಂದಳು. ಚೀಲದಲ್ಲಿದ್ದ ಒಂದು ಪ್ರತಿ ತೆಗೆದು ಕೊಟ್ಟೆ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದಳು, "ಇದಕ್ಕ ಬೆಳಕು ಯಾವ ಕಡಿಂದ ಬರ್ತದ್ರಿ?"

"ಗೊತ್ತಿಲ್ಲವ್ವ," ಎಂದೆ. "ನಾ ಗಿಡ ಇಟ್ಟುಕೊಂಡು ತಗೀಲಿಲ್ಲ. ನೆನಪಿಲೆ ತಗದೀನಿ."

ಅವಳು ಹಾಳೆ ವಾಪಸು ಕೊಟ್ಟು ಒಳಗೆ ಹೋದಳು. ಮಾಸ್ತರರಿಗೆ, ಇನ್ನು ಮೇಲೆ ಅವಳ ಗೆರೆ ಅಳಿಸಬೇಡಿರೆಂದು ಹೇಳಿದೆ. ಅವರು ನಕ್ಕು, "ರಬ್ಬರ್ ನಿಮ್ಮ ಕೈಯಾಗ ಕೊಟ್ಟುಬಿಡ್ತೇನ್ರಿ," ಎಂದರು.

ಐದು ಗಂಟೆಯ ಆಟೊ ಸಿಕ್ಕಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಪ್ರಜ್ಞಾ ತನ್ನ ಕಪ್ಪನ್ನು ಶಾಲೆಯ ಅಂಗಳದ ನಟ್ಟನಡುವೆ ತಂದಿಟ್ಟಿದ್ದಳು. ಎಲ್ಲ ಕಡೆಯಿಂದಲೂ ಬೆಳಕು ಬೀಳುವ ಜಾಗ ಅದು. ಆಡು ಬಾಯಿ ಹಾಕಬಾರದೆಂದು ಸುತ್ತಲೂ ಕಲ್ಲು ಜೋಡಿಸುತ್ತಿದ್ದಳು.